ಟೀವಿಯ ಪಕ್ಕದಲ್ಲಿ ನಿಂತ ಮಿಸ್

ಆ ಕಥೆಯನ್ನು ನಾನು ಎರಡು ಸಲ ನೋಡಿದ್ದೇನೆ. ಒಂದು ಸಲ ಮಿಸ್ ಬಾಯಲ್ಲಿ, ಇನ್ನೊಂದು ಸಲ ಮೊನ್ನೆ ಇಂಗ್ಲಿಷಿನಲ್ಲಿ. ಮಿಸ್ ಹೇಳಿದ್ದೇ ಮೂಲ, ಇಂಗ್ಲಿಷಿನದು ಅದರ ಅನುವಾದ, ಅದೂ ಅಷ್ಟೇನೂ ಚೆನ್ನಾಗಿಲ್ಲದ ಅನುವಾದ ಅಂತ ನಾನು ಹೇಳಿದರೆ ನನ್ನ ಮಗ ನಗುತ್ತಾನೆ. ನಗಲಿ. ಅವನು ಆಗ ಹುಟ್ಟಿರಲಿಲ್ಲ.

ಮಿಸ್ ಹೋದ ಸುದ್ದಿ ಬಂದ ಮೇಲೆ ನಾನು ಯಾವ ಕೆಲಸಕ್ಕೂ ಕೈಹಾಕದೆ ಕೂತುಬಿಟ್ಟಿದ್ದೆ. ತೊಂಬತ್ತು ದಾಟಿದ ಜೀವ, ನರಳದೆ ಹೋಯಿತು, ಅಳುವಂಥದ್ದೇನೂ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡರೂ ಬಾಯಿಬಿಟ್ಟರೆ ಆ ಒಂದು ಭಾನುವಾರದ ಮಾತೇ ಬರುತ್ತಿತ್ತು. ಕೇಳಿ ಕೇಳಿ ಸಾಕಾಗಿಯೋ ಏನೋ, ಮಗ ಎಲ್ಲೆಲ್ಲೋ ಹುಡುಕಿ ಆ ಕಂತನ್ನು ಕಂಪ್ಯೂಟರಿನಲ್ಲಿ ಹಾಕಿ ನನ್ನ ಮುಂದೆ ಇಟ್ಟ. ಥರ್ಮೋಕೋಲಿನ ಹಿಮ, ತಳ್ಳಿದರೆ ಅಲುಗಾಡುವ ಗೋಡೆಗಳು, ಬೆಳ್ಳಿ ಬಣ್ಣ ಬಳಿದ ರಟ್ಟಿನ ಯಂತ್ರಗಳು, ಎಲ್ಲ ನೆನಪಿನಲ್ಲಿದ್ದ ಹಾಗೇ ಇದ್ದವು. ಪಕ್ಕದಲ್ಲಿ ಮಿಸ್ ಇಲ್ಲದಿದ್ದರಿಂದ ಅರ್ಧ ಕಥೆ ಕಾಣೆಯಾದ ಹಾಗೆ ಆಯಿತು.

ಎಂಬತ್ತರ ದಶಕದ ಮಾತು. ನಾನು ಮದುವೆಯಾಗಿ ಚಾಮರಾಜಪೇಟೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಡುವೆ ಕಲ್ಲುಹಾಸಿನ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ, ಸುತ್ತ ಮನೆಗಳು. ಅಂಥ ವಠಾರ. ನನ್ನ ಗಂಡನದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ. ಯಾರ ಹೆಸರಿನ ಹಿಂದೆ ಚಿರಂಜೀವಿ ಹಾಕಬೇಕು, ಯಾರಿಗೆ ಶ್ರೀಮತಿ, ಯಾವ ದೊಡ್ಡಪ್ಪನ ಹೆಸರು ಯಾವ ಚಿಕ್ಕಪ್ಪನ ಮೇಲೆ ಬರಬೇಕು, ಇದರಲ್ಲೇ ನಮ್ಮ ಅನ್ನ. ಆ ವರ್ಷ ಮುಹೂರ್ತಗಳು ಜಾಸ್ತಿ ಇದ್ದವು, ಊರವರ ಮದುವೆಗಳ ದಯೆಯಿಂದ ನಮ್ಮ ಮನೆಗೆ ಟೀವಿ ಬಂತು. ಮರದ ಶಟರ್ ಎಳೆಯುವಂಥ ಕಪ್ಪು ಬಿಳುಪು ಟೀವಿ. ನಮ್ಮದು ಅಂತ ಹೆಸರಿಗೆ. ಭಾನುವಾರ ಬೆಳಿಗ್ಗೆ ನಾನೇ ಕೂರುವುದಕ್ಕೆ ಜಾಗ ಹುಡುಕಬೇಕಾಗಿತ್ತು.

ಆಗ ಭಾನುವಾರ ಬೆಳಿಗ್ಗೆ ಒಂದು ಇಂಗ್ಲಿಷ್ ಸೀರಿಯಲ್ ಬರುತ್ತಿತ್ತು. ಆಕಾಶದಲ್ಲಿ ಒಂದು ಹಡಗು, ಅದರಲ್ಲಿ ಹತ್ತಾರು ಜನ, ವಾರಕ್ಕೊಂದು ಲೋಕಕ್ಕೆ ಹೋಗಿ ಇಳಿಯುತ್ತಾರೆ. ಮೊದಲ ವಾರ ನಮಗೆ ಯಾರಿಗೂ ಏನೂ ಅರ್ಥವಾಗಲಿಲ್ಲ. ಪಕ್ಕದ ಮನೆಯ ಪೋಸ್ಟಾಫೀಸ್ ರಾಯರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅದು ಓದುವ ಇಂಗ್ಲಿಷು. ಎದುರಿನವರು ಮೂಗಿನಲ್ಲಿ ಮಾತಾಡಿದರೆ ಅವರೂ ನಮ್ಮ ಸಾಲಿನವರೇ. ನಮ್ಮತ್ತೆ ಮಾತ್ರ ಬಿಡದೆ ಕೇಳುತ್ತಿದ್ದರು, "ಏನಂತೆ ಅವನಿಗೆ? ಯಾಕೆ ಹಾಗೆ ಒದ್ದಾಡ್ತಾನೆ?"

ಆ ಹೊತ್ತಿಗೆ ಸರಿಯಾಗಿ ಎದುರುಮನೆ ಮಿಸ್ ಜರಡಿ ವಾಪಸು ಕೊಡಲು ಬಂದರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟು, "ಹಡಗಲ್ಲಿ ಗಾಳಿ ಮುಗೀತಾ ಬಂದಿದೆಯಂತೆ ಅಮ್ಮ. ಯಾರಿಗೆ ಮೊದಲು ಹೇಳೋದು ಅಂತ ಯೋಚನೆ ಮಾಡ್ತಿದಾನೆ" ಅಂದರು. ಕೋಣೆಯೆಲ್ಲ ಅವರ ಕಡೆ ತಿರುಗಿತು. ಆಮೇಲೆ ಅವರನ್ನು ಬಿಟ್ಟವರು ಯಾರು? ಜರಡಿ ಕೈಯಲ್ಲೇ ಇಟ್ಟುಕೊಂಡು ಸೀರಿಯಲ್ ಮುಗಿಯುವವರೆಗೆ ನಿಂತೇ ಹೇಳಿದರು. ಮುಂದಿನ ವಾರದಿಂದ ಟೀವಿಯ ಬಲಗಡೆ ಗೋಡೆ ಪಕ್ಕದ ಜಾಗ ಅವರದು ಅಂತ ಆಯಿತು.

ಅವರು ಬಸವನಗುಡಿ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ನಮಗೆಲ್ಲ ಅವರು ಮಿಸ್. ತರಕಾರಿಯವನಿಗೂ ಮಿಸ್, ಅವರಿಗಿಂತ ಹತ್ತು ವರ್ಷ ದೊಡ್ಡವರಾದ ನಮ್ಮತ್ತೆಗೂ ಮಿಸ್. ತೆಳ್ಳಗೆ ಉದ್ದಕ್ಕೆ ಇದ್ದರು. ಗಂಜಿ ಹಾಕಿದ ಹತ್ತಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಕರ್ಚೀಫು, ಮುಖ ಒಳಗಡೆಗೆ ತಿರುಗಿಸಿ ಕಟ್ಟಿದ ವಾಚು. ರಜದ ದಿನವೂ ಹೆಬ್ಬೆರಳು ತೋರುಬೆರಳನ್ನು ಉಜ್ಜಿಕೊಳ್ಳುತ್ತಿದ್ದರು, ಸೀಮೆಸುಣ್ಣದ ಪುಡಿ ಇನ್ನೂ ಅಂಟಿಕೊಂಡಿದೆ ಅನ್ನುವ ಹಾಗೆ. ಮಾತಿಗೆ ಮೊದಲು ಆ ಬೆರಳು ಆಡುತ್ತಿತ್ತು. ಬೆರಳು ನೋಡಿಯೇ ನಾನು, ಈಗ ಏನೋ ಬರುತ್ತೆ, ಅಂತ ನೆಟ್ಟಗೆ ಕೂರುತ್ತಿದ್ದೆ.

ಅವರ ಕನ್ನಡದಲ್ಲಿ ಆ ಆಕಾಶವೆಲ್ಲ ನಮ್ಮ ಮೊಹಲ್ಲಾ ಆಗಿಬಿಡುತ್ತಿತ್ತು. ಕ್ಯಾಪ್ಟನ್‌ಗೆ ದಳವಾಯಿ ಅನ್ನುತ್ತಿದ್ದರು. ಬೇರೆ ಲೋಕದ ವಿಚಿತ್ರ ಜನಕ್ಕೆ ಪರಸ್ಥಳದವರು. ಗ್ರಹ ಅನ್ನುವ ಮಾತನ್ನು ಬೇಕೆಂತಲೇ ಬಿಟ್ಟಿದ್ದರು, ಒಂದು ಸಲ ಹಾಗಂದದ್ದಕ್ಕೆ ನಮ್ಮತ್ತೆ "ಶನಿಯಾ, ರಾಹುವಾ?" ಅಂತ ಕೇಳಿ ಕಥೆ ಅಲ್ಲೇ ನಿಂತುಹೋಗಿತ್ತು. ಹೊಡೆದಾಟ ಬಂದರೆ ಸುಮ್ಮನಾಗಿ ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಹೊಡೆದಾಟಕ್ಕೆ ಕನ್ನಡ ಬೇಕಾಗಿಲ್ಲ" ಅನ್ನುವರು. ದಳವಾಯಿ ಯಾವಳೋ ಪರಸ್ಥಳದವಳ ಕೈಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಏನೋ ಪಿಸುಗುಟ್ಟಿದರೆ, "ಅವಳ ಮೇಲೆ ತುಂಬಾ ವಿಶ್ವಾಸ ಇದೆಯಂತೆ" ಅಂತ ಗೋಡೆ ನೋಡಿಕೊಂಡು ಹೇಳಿ ಮುಗಿಸುವರು. ನಾವು ಹೊಸದಾಗಿ ಮದುವೆಯಾದವರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದೆವು.

ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಟೀವಿಯವನು ಹೇಳದೇ ಇದ್ದದ್ದನ್ನು ಹೇಳುತ್ತಿರಲಿಲ್ಲ. ಗೊತ್ತಾಗದಿದ್ದರೆ, "ಈ ಮಾತು ನನಗೆ ತಿಳೀಲಿಲ್ಲ, ಮುಂದಕ್ಕೆ ಹೋಗೋಣ" ಅಂತ ನೇರವಾಗಿ ಅನ್ನುವರು. ರಾಯರು ಒಮ್ಮೆ, ಸ್ವಲ್ಪ ಉಪ್ಪುಕಾರ ಸೇರಿಸಿ ಹೇಳಿ ಮಿಸ್, ಕೇಳೋದಕ್ಕೆ ಚೆನ್ನಾಗಿರುತ್ತೆ ಅಂದದ್ದಕ್ಕೆ, "ಕಥೆ ಅವನದು ರಾಯರೇ, ನನ್ನದು ಬರೀ ನಾಲಿಗೆ" ಅಂದಿದ್ದರು. ಇದನ್ನು ನೆನಪಿಟ್ಟುಕೊಳ್ಳಿ ಅಂತ ನಾನು ಹೇಳುತ್ತಿರುವುದಕ್ಕೆ ಕಾರಣವಿದೆ.

ಮಿಸ್ ಮದುವೆಯಾಗಿರಲಿಲ್ಲ. ಜೊತೆಯಲ್ಲಿ ಅವರ ತಂಗಿ ಇದ್ದಳು. ವಯಸ್ಸು ನಲವತ್ತರ ಹತ್ತಿರ, ವಠಾರಕ್ಕೆಲ್ಲ ಪಾಪು. ಅವಳಿಗೆ ಮಾತು ಬರುತ್ತಿರಲಿಲ್ಲ. ಕಿವಿ ಕೇಳಿಸುತ್ತಿತ್ತು. ಬುದ್ಧಿ ಎಷ್ಟಿತ್ತು ಅನ್ನುವುದನ್ನು ಅಳೆಯುವುದಕ್ಕೆ ಯಾರೂ ಹೋಗಿರಲಿಲ್ಲ, ಇಲ್ಲ ಅಂತ ಎಲ್ಲರೂ ತೀರ್ಮಾನಿಸಿ ಆಗಿತ್ತು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದರೆ ಮೊದಲು ಏಳುವವಳು ಅವಳು. ತಮ್ಮ ಮನೆಯದು ತುಂಬಿದ ಮೇಲೆ ಅಲ್ಲಿಗೆ ಬಿಡದೆ ಎಲ್ಲರ ಮನೆ ಬಾಗಿಲಲ್ಲಿದ್ದ ಕೊಡಪಾನಗಳನ್ನೂ ತುಂಬಿ ತುಂಬಿ ಇಡುತ್ತಿದ್ದಳು. ಯಾರೂ ಹೇಳಿದ್ದಲ್ಲ. ನಾವೆಲ್ಲ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿ, "ಅದು ತುಂಬಿಟ್ಟಿರತ್ತೆ ಬಿಡು" ಅಂತ ಇನ್ನೊಂದು ನಿದ್ದೆ ತೆಗೆಯುತ್ತಿದ್ದೆವು.

ಹೌದು, ಅದು. ಪಾಪ ಅದು. ಅದಕ್ಕೆ ಊಟ ಆಯ್ತಾ, ಅದನ್ನ ಬಿಸಿಲಲ್ಲಿ ಕೂರಿಸ್ಬೇಡಿ. ಬೈಗುಳ ಅಂತ ತಿಳಿಯಬೇಡಿ, ಅಕ್ಕರೆಯ ಮಾತೇ. ನಮ್ಮಲ್ಲಿ ಮಗು ಅಂದರೆ ಅದು. ಲಂಗ ಉಟ್ಟು ಓಡಾಡುವಂತಾದರೆ ಅವಳು. ಮದುವೆ ಮಕ್ಕಳು ಆದ ಮೇಲೆ ಅವರು. ಎಲ್ಲ ಹೆಣ್ಣುಮಕ್ಕಳೂ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ; ಪಾಪುವನ್ನು ಮೊದಲ ಮೆಟ್ಟಿಲಲ್ಲೇ ಬಿಟ್ಟು ಎಲ್ಲರೂ ಮುಂದಕ್ಕೆ ಹೋಗಿದ್ದರು. ಸ್ವತಃ ಮಿಸ್ ಕೂಡ ಅದು ಅಂತಲೇ ಅನ್ನುತ್ತಿದ್ದರು. ತಾಯಿತಂದೆ ಹಾಗೆ ಕರೆದದ್ದನ್ನೇ ಕೇಳಿಕೊಂಡು ಬಂದವರು, ಬೇರೆ ಹೇಗೆ ಅಂದಾರು?

ಆ ಮಾರ್ಚಿಗೆ ಮಿಸ್ ನಿವೃತ್ತಿ. ಅವರ ಅಣ್ಣ ಮೈಸೂರಿನಲ್ಲಿದ್ದರು, ಒಳ್ಳೆಯವರು, ಹಬ್ಬಕ್ಕೆ ಬಂದಾಗ ವಠಾರದ ಮಕ್ಕಳಿಗೆಲ್ಲ ಬಿಸ್ಕೆಟ್ ತರುತ್ತಿದ್ದವರು. ನೀನು ಬಂದು ನಮ್ಮ ಜೊತೆ ಇದ್ದುಬಿಡು, ಪಾಪುವಿಗೆ ಬೆಂಗಳೂರಲ್ಲೇ ಒಂದು ಆಶ್ರಮ ನೋಡಿದ್ದೇನೆ ಅಂತ ಅವರು ಹೇಳಿ ಕಳಿಸಿದ್ದರು. ಮಿಸ್‌ಗೆ ಬೀಪಿ ಇತ್ತು, ಒಂದು ಸಲ ಶಾಲೆಯಲ್ಲೇ ತಲೆ ಸುತ್ತಿ ಬಿದ್ದಿದ್ದರು. ನಲ್ಲಿ ಹತ್ತಿರ ನಮ್ಮತ್ತೆಗೆ ಅವರು ಈ ವಿಷಯ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

"ನಾಳೆ ನನಗೆ ಏನಾದ್ರೂ ಆದ್ರೆ ಅದರ ಗತಿ ಏನಮ್ಮ? ಅಲ್ಲಿ ಚೆನ್ನಾಗೇ ನೋಡ್ಕೋತಾರಂತೆ. ಹೂಂ ಅಂದಿದೀನಿ. ಮುಂದಿನ ಭಾನುವಾರದ ಆಚೆ ಭಾನುವಾರ ಅಣ್ಣ ಬಂದು ಕರ್ಕೊಂಡು ಹೋಗ್ತಾನೆ."

"ಅದೂ ಸರೀನೇ ಬಿಡಿ" ಅಂದರು ನಮ್ಮತ್ತೆ. ಪಾಪು ಅಲ್ಲೇ ನಮ್ಮ ಕೊಡಪಾನ ತುಂಬುತ್ತಿದ್ದಳು.

ಆ ನಡುವಿನ ಭಾನುವಾರ ಬಂದದ್ದೇ ಆ ಕಂತು.

ದಳವಾಯಿಯ ಹಡಗು ಕೆಟ್ಟು ಒಂದು ಹಿಮದ ಲೋಕದಲ್ಲಿ ಇಳಿಯುತ್ತದೆ. ಎಲ್ಲಿ ನೋಡಿದರೂ ಬಿಳಿ. ಆ ಬಿಳಿಯ ನಡುವೆ ಒಂದೇ ಒಂದು ಕಟ್ಟಡ. ಒಳಗೆ ಹೋದರೆ ಉದ್ದಕ್ಕೆ ಓಣಿ, ಎರಡೂ ಕಡೆ ಕೋಣೆಗಳು, ಪ್ರತಿ ಕೋಣೆಯಲ್ಲೂ ದೀಪ ಉರಿಯುತ್ತಿದೆ, ಹಾಸಿಗೆ ಹಾಸಿದೆ. ಒಬ್ಬರೂ ಇಲ್ಲ. ಓಣಿಯ ಕೊನೆಯಲ್ಲಿ ನಮ್ಮ ಬಚ್ಚಲುಮನೆ ಹಂಡೆಯಂಥ ಒಂದು ಯಂತ್ರ, ಹೊಟ್ಟೆಯೊಳಗೆ ಕೆಂಡದ ಹಾಗೆ ಹೊಳೆಯುವ ಕಲ್ಲು. ಕಟ್ಟಡ ಕಟ್ಟಿದವರು ಯಾವ ಕಾಲದಲ್ಲೋ, ಬರ್ತೀವಿ, ಬೆಚ್ಚಗಿಟ್ಟಿರು ಅಂತ ಹೇಳಿ ಹೋಗಿದ್ದಾರೆ. ಬಂದಿಲ್ಲ. ಅದು ಬೆಚ್ಚಗಿಟ್ಟುಕೊಂಡೇ ಇದೆ.

ಅದಕ್ಕೆ ಮಾತು ಬರುವುದು ಎರಡೋ ಮೂರೋ. ಕೋಣೆ ಸಿದ್ಧವಾಗಿದೆ ಅನ್ನುತ್ತದೆ. ಬಾಗಿಲು ಹಾಕಿ ಅನ್ನುತ್ತದೆ. ಯಾರು ಏನು ಕೇಳಿದರೂ ಅಷ್ಟೇ. "ಇದಕ್ಕೆ ಏನೂ ಗೊತ್ತಾಗಲ್ಲ ಅಂತಿದಾನೆ ದಳವಾಯಿ" ಅಂದರು ಮಿಸ್. "ಅದರ ಹೊಟ್ಟೇಲಿರೋ ಕಲ್ಲು ಹಡಗಿಗೆ ಹಾಕಿದ್ರೆ ಹಡಗು ಹೊರಡತ್ತಂತೆ. ಅದನ್ನ ತೆಗೆದುಬಿಡಿ ಅಂತ ಇಂಜಿನಿಯರ್ ಹುಡುಗಿಗೆ ಹೇಳ್ತಿದಾನೆ."

"ತೆಗೆದ್ರೆ ಅದು?" ಅಂದರು ನಮ್ಮತ್ತೆ.

"ಆರಿಹೋಗತ್ತೆ."

ಇಂಜಿನಿಯರ್ ಹುಡುಗಿ ಒಬ್ಬಳೇ ಅದರ ಮುಂದೆ ಕೂತು ತಿರುಪು ಬಿಚ್ಚತೊಡಗುತ್ತಾಳೆ. ಅವಳ ಅಂಗಿ ಹಿಮದಲ್ಲಿ ನೆನೆದಿದೆ, ಹಲ್ಲು ಕಟಕಟ ಅನ್ನುತ್ತಿದೆ. ಆಗ ಅವಳ ಹಿಂದೆ, ಓಣಿಯ ಆ ತುದಿಯ ಕೋಣೆಯ ದೀಪ ಆರುತ್ತದೆ. ಅವಳು ತಿರುಗಿ ನೋಡುತ್ತಾಳೆ. ಅದರ ಪಕ್ಕದ್ದು ಆರುತ್ತದೆ. ಒಂದಾದ ಮೇಲೊಂದು, ಕತ್ತಲೆ ನಡೆದುಕೊಂಡು ಬಂದ ಹಾಗೆ, ಅವಳ ಕಡೆಗೆ. ನಾವೆಲ್ಲ ಹೆದರಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಏನೋ ಬರುತ್ತಿದೆ, ಅವಳನ್ನು ತಿಂದುಹಾಕುತ್ತದೆ ಅಂತಲೇ ನಾನು ತಿಳಿದಿದ್ದೆ. ಕೊನೆಗೆ ಅವಳಿರುವ ಜಾಗ ಒಂದೇ ಬೆಳಕಿನಲ್ಲಿ ಉಳಿಯುತ್ತದೆ. ಅವಳು ಮೆಲ್ಲಗೆ ಗಮನಿಸುತ್ತಾಳೆ, ಮೈ ನಡುಗುವುದು ನಿಂತಿದೆ. ಹಂಡೆ ಹೇಳುತ್ತದೆ, ಕೋಣೆ ಸಿದ್ಧವಾಗಿದೆ.

ಇಷ್ಟು ಕಾಲ ಯಾರಿಗೋಸ್ಕರವೋ ಕಾದಿಟ್ಟ ಶಾಖವನ್ನೆಲ್ಲ ಒಂದೊಂದು ಕೋಣೆಯಿಂದಲೂ ಎಳೆದು ತಂದು, ತನ್ನನ್ನು ಬಿಚ್ಚುತ್ತಿರುವ ಹುಡುಗಿಗೆ ಕೊಟ್ಟಿತ್ತು. ಯಾಕೆಂದರೆ ಅವಳಿಗೆ ಚಳಿಯಾಗುತ್ತಿತ್ತು.

ಇದನ್ನು ಬರೆದವನು ಯಾವ ದೇಶದವನೋ, ಬದುಕಿದ್ದಾನೋ ಇಲ್ಲವೋ. ಸಿಕ್ಕಿದರೆ ಕಾಲಿಗೆ ಬೀಳುತ್ತೇನೆ. ರಟ್ಟು, ಬಣ್ಣ, ನಾಲ್ಕು ಬಲ್ಬು, ಇಷ್ಟನ್ನೇ ಇಟ್ಟುಕೊಂಡು ಒಂದು ಹಂಡೆಗೆ ಜೀವ ಬರಿಸಿದ್ದ. ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತಿಗೆ ಪರದೆ ಸರಿದಾಗ ಹೇಗೆ ಎಲ್ಲರ ಬಾಯೂ ಮುಚ್ಚಿ ಹೋಗುತ್ತದೋ ಹಾಗೆ ನಮ್ಮ ಕೋಣೆಯಲ್ಲೂ ಆಗಿತ್ತು. ನಮ್ಮತ್ತೆ ಬಾಯಲ್ಲಿ ಹಾಕಿಕೊಂಡ ಅಡಿಕೆ ಅಗಿಯುವುದನ್ನು ಮರೆತಿದ್ದರು.

ದಳವಾಯಿ ಒಳಗೆ ಬರುತ್ತಾನೆ. ಹುಡುಗಿ ಹಂಡೆಗೆ ಕೈಯೂರಿ ಕೂತಿದ್ದಾಳೆ, ಹತ್ತಾರು ತಿರುಪುಗಳು ನೆಲದ ಮೇಲೆ ಬಿದ್ದಿವೆ. ಜೊತೆಗೆ ಬಂದವನೊಬ್ಬ ಹತಾರ ಎತ್ತಿಕೊಂಡು ಮುಂದೆ ಹೋಗುತ್ತಾನೆ. ಹೊರಗೆ ಗಾಳಿಯ ಸದ್ದು. ದಳವಾಯಿ ಕೈಯೆತ್ತಿ ತಡೆದು ಒಂದು ಮಾತು ಹೇಳುತ್ತಾನೆ.

ಮಿಸ್ ಕೈಯಲ್ಲಿ ಆಡುತ್ತಿದ್ದ ಬೆರಳು ನಿಂತಿತು. ನಾವೆಲ್ಲ ಟೀವಿ ಬಿಟ್ಟು ಅವರ ಮುಖ ನೋಡಿದೆವು.

"ಏನಂದ ಮಿಸ್?" ಅಂದರು ಅತ್ತೆ.

"ಅವಳನ್ನ..." ಅಂದು ಮಿಸ್ ನಿಲ್ಲಿಸಿದರು. ಆಮೇಲೆ, "ಅವಳನ್ನ ಮುಟ್ಟಬೇಡಿ ಅಂದ."

"ಯಾವಳನ್ನ?" ಅಂದರು ರಾಯರು. "ಆ ಹುಡುಗೀನ ಯಾರೂ ಮುಟ್ಟಲಿಲ್ವಲ್ಲ?"

"ಹುಡುಗೀನಲ್ಲ ರಾಯರೇ. ಇವಳನ್ನ. ಇಷ್ಟು ಹೊತ್ತು ಇಟ್ ಇಟ್ ಅಂತಿದ್ದ. ಈಗ ಹರ್ ಅಂದ."

"ಬಾಯಿ ತಪ್ಪಿ ಅಂದಿರ್ಬೇಕು ಬಿಡಿ."

"ಇಲ್ಲ" ಅಂದರು ಮಿಸ್. "ಬಾಯಿ ತಪ್ಪಿದ್ದು ಇಷ್ಟು ಹೊತ್ತು ಅಂದಿದ್ದು."

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಲ್ಲನ್ನು ತೆಗೆಯುವುದಿಲ್ಲ ಅಂತ ಆದ ಮೇಲೆ ಹಡಗು ಹೊರಡುವ ಹಾಗಿಲ್ಲ. ಇನ್ನೊಂದು ಹಡಗು ಬಂದು ಕರೆದುಕೊಂಡು ಹೋಗುವವರೆಗೆ ಅವರು ಅಲ್ಲೇ ಇರಬೇಕು. ಒಬ್ಬೊಬ್ಬರೇ ಹಿಮದಿಂದ ಒಳಗೆ ಬಂದು ಒಂದೊಂದು ಕೋಣೆಗೆ ಹೋಗುತ್ತಾರೆ, ಒಬ್ಬರು ಹೊಕ್ಕ ಹಾಗೆ ಒಂದು ದೀಪ ಹೊತ್ತಿಕೊಳ್ಳುತ್ತದೆ. ಕಾದುಕೊಂಡಿದ್ದ ಕೋಣೆಗಳಿಗೆ ಕೊನೆಗೂ ಜನ ಬಂದರು. ಹಂಡೆ ಯಾರಿಗಾಗಿ ಕಾದಿತ್ತೋ ಅವರಲ್ಲ, ಬೇರೆಯವರು. ಓಣಿಯೆಲ್ಲ ಬೆಳಕಾದ ಮೇಲೆ ಹಂಡೆ ಕೊನೆಯ ಮಾತು ಹೇಳುತ್ತದೆ. ಮಿಸ್ ಸಣ್ಣ ಧ್ವನಿಯಲ್ಲಿ ಅದನ್ನು ಹೇಳಿದರು, "ಬಾಗಿಲು ಹಾಕಿ."

ದಢಾರ್ ಅಂತ ನಮ್ಮ ಮನೆ ಬಾಗಿಲು ಹಾಕಿಕೊಂಡಿತು.

ಹೊಸ್ತಿಲ ಹತ್ತಿರ ಯಾವಾಗಲೂ ಕೂರುತ್ತಿದ್ದ ಪಾಪು ಎದ್ದು ನಿಂತು ಬಾಗಿಲಿಗೆ ಬೆನ್ನುಕೊಟ್ಟಿದ್ದಳು. ಹೇಳಿದ್ದು ಮಾಡಿ ಆಯಿತು, ಇನ್ನೇನು, ಅನ್ನುವ ಹಾಗೆ ಅಕ್ಕನ ಮುಖ ನೋಡುತ್ತಿದ್ದಳು. ಎಲ್ಲರೂ ಘೊಳ್ಳೆಂದು ನಕ್ಕೆವು. ನಗು ಅರ್ಧದಲ್ಲೇ ನಿಂತುಹೋಯಿತು. ಇಷ್ಟು ಭಾನುವಾರಗಳೂ ಅವಳು ಅಲ್ಲಿ ಕೂತು ಗೋಡೆ ನೋಡುತ್ತಿದ್ದಾಳೆ ಅಂತ ನಾವು ತಿಳಿದಿದ್ದೆವು.

"ಅಯ್ಯೋ, ಅದಕ್ಕೆ ಕಥೆ ತಿಳಿಯತ್ತಾ ಮಿಸ್?" ಅಂದರು ನಮ್ಮತ್ತೆ, ಬೆರಗಾಗಿ.

"ಅವಳಿಗೆ" ಅಂದರು ಮಿಸ್.

ಮೇಷ್ಟರು ಕಾಪಿ ತಿದ್ದುವ ಹಾಗೆ ಅಂದರು. ಆಮೇಲೆ ತಂಗಿಯ ಕೈಹಿಡಿದುಕೊಂಡು, ಬಾಗಿಲು ತೆಗೆದು, ಅಂಗಳ ದಾಟಿ ತಮ್ಮ ಮನೆಗೆ ಹೋದರು.

ಆ ವಾರ ಅವರು ನೆಟ್ಟಗಿರಲಿಲ್ಲ. ನಲ್ಲಿ ಹತ್ತಿರ ಮಾತಾಡುತ್ತ "ಅದಕ್ಕೆ" ಅಂದು, ನಾಲಿಗೆ ಕಚ್ಚಿಕೊಂಡು, "ಅವಳಿಗೆ" ಅನ್ನುವರು. ಐವತ್ತೆಂಟು ವರ್ಷದ ಇಂಗ್ಲಿಷ್ ಟೀಚರು ಕನ್ನಡ ಹೊಸದಾಗಿ ಕಲಿಯುತ್ತಿದ್ದ ಹಾಗಿತ್ತು. ಒಂದು ಸಾಯಂಕಾಲ ನಾನು ಗಾಂಧಿ ಬಜಾರಿನಿಂದ ಹೂವು ತಂದು ಕಟ್ಟುತ್ತ ಕೂತಿದ್ದಾಗ ನಮ್ಮ ಮನೆಗೆ ಬಂದರು. ಕೂತುಕೊಳ್ಳದೆ ಕೇಳಿದರು.

"ಹುಡುಗಿ, ನಿನ್ನ ಕಿವಿ ಚುರುಕಾಗಿದೆ. ಅವತ್ತು ಅವನು ಹರ್ ಅಂದನಾ? ನೀನು ಕೇಳಿಸ್ಕೊಂಡ್ಯಾ?"

"ನೀವೇ ಹೇಳಿದ್ರಲ್ಲ ಮಿಸ್."

"ನಾನು ಹೇಳಿದೆ. ಅವನು ಅಂದನಾ ಅಂತ ಕೇಳ್ತಿದೀನಿ. ಗಾಳಿ ಸದ್ದು ಬೇರೆ ಇತ್ತು. ನನಗೆ ಬೇಕಾಗಿತ್ತು ಅಂತ ನನಗೆ ಹಾಗೆ ಕೇಳಿಸ್ತೋ ಏನೋ."

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಅವರ ಮುಖ ನೋಡಿಕೊಂಡು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. "ನಾನು ಟೀವಿ ಕೇಳಿಸ್ಕೊಳ್ಳೋದೇ ಇಲ್ಲ ಮಿಸ್. ನಿಮ್ಮನ್ನೇ ಕೇಳಿಸ್ಕೋತೀನಿ" ಅಂದೆ.

ಅವರು ಹೂವಿನ ಬುಟ್ಟಿ ನೋಡುತ್ತ ನಿಂತರು. ಮತ್ತೆ ಆ ಕಂತನ್ನು ಹಾಕಿ ನೋಡುವ ದಾರಿಯೇ ಆಗ ಇರಲಿಲ್ಲ. ಒಂದು ಸಲ ಬಂತು, ಹೋಯಿತು. ಕೇಳಿಸಿದ್ದನ್ನು ನಂಬಬೇಕು, ಇಲ್ಲ ಬಿಡಬೇಕು. ಬೆರಳು ಉಜ್ಜಿಕೊಂಡರು.

"ಅಂದನೋ ಇಲ್ವೋ" ಅಂದರು ಕೊನೆಗೆ. "ಅನ್ನಬೇಕಾಗಿತ್ತು." ಹಾಗೆ ಹೇಳಿ ಹೊರಟುಹೋದರು.

ಅವರ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಮೊನ್ನೆ. ಆ ಜಾಗ ಬಂದಾಗ ಕಂಪ್ಯೂಟರಿನ ಹತ್ತಿರಕ್ಕೆ ಕಿವಿ ತಂದು ಕೂತೆ. ದಳವಾಯಿ ಕೈಯೆತ್ತಿದ. ಲೀವ್ ಇಟ್ ಅಲೋನ್ ಅಂದ. ಇಟ್. ಗಾಳಿಯ ಸದ್ದಿನಲ್ಲಿ ಸ್ಪಷ್ಟವಾಗಲಿಲ್ಲ ಅಂತ ಮಗನಿಗೆ ಹೇಳಿ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದೆ. ಕೆಳಗೆ ಅಕ್ಷರವೂ ಮೂಡುತ್ತಿತ್ತು, ಇಟ್ ಅಂತಲೇ. ಅಷ್ಟು ದೊಡ್ಡ ಕಥೆ ಬರೆದ ಪುಣ್ಯಾತ್ಮನಿಗೂ ಆ ಒಂದು ಮಾತು ಹೊಳೆದಿರಲಿಲ್ಲ. ಇಡೀ ಜನ್ಮ ಇನ್ನೊಬ್ಬರು ಹೇಳದ್ದನ್ನು ಹೇಳದೆ ಬದುಕಿದ ಮಿಸ್‌ಗೆ ಒಂದೇ ಒಂದು ಸಲ ಕಿವಿ ತಪ್ಪಿತ್ತು, ಕಥೆ ಸರಿಯಾಗಿತ್ತು. ಮಗ "ತಪ್ಪು ಟ್ರಾನ್ಸ್‌ಲೇಷನ್ ಅಮ್ಮ" ಅಂತ ನಕ್ಕ. ನನಗೆ ಮೈ ಜುಮ್ಮೆಂದಿತು. ಈಗಲೂ ಅನ್ನುತ್ತದೆ.

ಆ ಕಂತು ಬಂದ ಮುಂದಿನ ಭಾನುವಾರ ಮಧ್ಯಾಹ್ನ, ಹೇಳಿದ್ದ ಹಾಗೇ ಮಿಸ್ ಅಣ್ಣ ಬಂದರು. ಮೆಜೆಸ್ಟಿಕ್‌ನಿಂದ ಆಟೋದಲ್ಲಿ ಬಂದು, ಆಟೋವನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಒಳಗೆ ಬಂದರು. ನಾನು ಬಟ್ಟೆ ಹರವುತ್ತಿದ್ದೆ. ಅತ್ತೆ ನಮ್ಮ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದರು. ಪಾಪು ನಲ್ಲಿ ಕಟ್ಟೆಯ ಮೇಲೆ ಕೂತು ಬಿಂದಿಗೆ ಬೆಳಗುತ್ತಿದ್ದಳು. ಮಿಸ್ ತಮ್ಮ ಮನೆ ಮೆಟ್ಟಿಲ ಮೇಲೆ ನಿಂತಿದ್ದರು.

"ಏನಮ್ಮ, ರೆಡಿ ಆಯ್ತಾ ಅದು?" ಅಂದರು ಅಣ್ಣ.

"ಯಾವುದು?" ಅಂದರು ಮಿಸ್.

"ಅದೇ ಕಣೇ. ಅದರ ಬಟ್ಟೆಬರೆ ಎಲ್ಲಾ ಕಟ್ಟಿದೀಯಾ? ಹೊತ್ತು ಮುಳುಗೋದರೊಳಗೆ ಅದನ್ನ ಅಲ್ಲಿ ಬಿಟ್ಟುಬಿಡೋಣ."

"ಯಾವುದನ್ನ ಅಣ್ಣ? ಈ ಮನೇಲಿ ಅದು ಅನ್ನೋದು ಒಂದು ಟ್ರಂಕಿದೆ, ಒಂದು ಮಂಚ ಇದೆ, ಒಂದು ಸೀಮೆಎಣ್ಣೆ ಸ್ಟೌ ಇದೆ. ನಿನಗೆ ಯಾವುದು ಬೇಕೋ ತಗೊಂಡು ಹೋಗು."

ಅಣ್ಣನಿಗೆ ರೇಗಿತು. "ತಮಾಷೆ ಮಾಡ್ಬೇಡ, ಹೊರಗೆ ಆಟೋ ಕಾಯ್ತಿದೆ. ಪಾಪು ವಿಷಯ ಮಾತಾಡ್ತಿದೀನಿ."

"ಪಾಪು ಅಂತ ನಮ್ಮಲ್ಲಿ ಯಾರೂ ಇಲ್ಲ. ನಲವತ್ತು ವರ್ಷದ ಹೆಂಗಸು ಒಬ್ಬಳಿದಾಳೆ. ಅವಳಿಗೆ ಅಪ್ಪ ಒಂದು ಹೆಸರಿಟ್ಟಿದ್ರು. ಆ ಹೆಸರು ಹಿಡಿದು ಹೇಳು, ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತಿದೀಯ. ಕಳಿಸ್ತೀನಿ. ಆಣೆ ಇಟ್ಟು ಹೇಳ್ತೀನಿ, ಎದುರಾಡದೆ ಕಳಿಸ್ತೀನಿ."

ನಾನು ಒದ್ದೆ ಸೀರೆಯ ಹಿಂದೆ ನಿಂತಲ್ಲೇ ನಿಂತೆ. ಅಣ್ಣನಿಗೆ ಹೆಸರು ಮರೆತಿರಲಿಲ್ಲ, ಆದರೆ ಅವರ ಬಾಯಿಗೆ ಅದು ಬರಲಿಲ್ಲ. ತೊಟ್ಟಿಲಿಗೆ ಹಾಕಿದ ದಿನದ ಮೇಲೆ ಬಹುಶಃ ಆ ಮನೆಯಲ್ಲಿ ಯಾರೂ ಅದನ್ನು ಕೂಗಿಯೇ ಇರಲಿಲ್ಲ. ಅವರು ಒಂದು ಸಲ ತಂಗಿಯ ಕಡೆ ನೋಡಿದರು, ಒಂದು ಸಲ ಮಿಸ್ ಕಡೆ ನೋಡಿದರು.

"ಶಾರದಾ" ಅಂದರು.

ನಲ್ಲಿ ಕಟ್ಟೆಯ ಮೇಲೆ ಬಿಂದಿಗೆ ಉಜ್ಜುತ್ತಿದ್ದ ಕೈ ನಿಂತಿತು. ಅವಳು ತಿರುಗಿ ನೋಡಿದಳು. ಆ ಹೆಸರು ವಠಾರದಲ್ಲಿ ನಮಗ್ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

"ಶಾರದನ್ನ..." ಅಂದರು ಅಣ್ಣ. "ಶಾರದನ್ನ, ಆ..." ಮುಂದಕ್ಕೆ ಬರಲಿಲ್ಲ. ಅದನ್ನ ಬಿಟ್ಟುಬಿಡೋಣ ಅನ್ನುವುದು ಎಷ್ಟು ಸಲೀಸಾಗಿ ಬಂದಿತ್ತು! ಈಗ ಆ ಹೆಸರಿನ ಮುಂದೆ ಆ ಕ್ರಿಯಾಪದ ಕೂರಲೇ ಇಲ್ಲ. ಇನ್ನೊಂದು ಸಲ ಬಾಯಿ ತೆರೆದರು. ತಂಗಿ ಅವರನ್ನೇ ನೋಡುತ್ತಿದ್ದಳು, ಕರೆದಿರಲ್ಲ, ಏನು, ಅನ್ನುವ ಹಾಗೆ. ಅವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು. ಹೊರಗೆ ಆಟೋದವನು ಹಾರನ್ ಹೊಡೆದ. ಹೋಗಿ ಕಳಿಸಿಬಿಡು ಅಂತ ನನಗೆ ಕೈಸನ್ನೆ ಮಾಡಿದರು.

ನಾನು ಹೋಗಿ ಆಟೋ ಕಳಿಸಿ ಬರುವಷ್ಟರಲ್ಲಿ ನಮ್ಮತ್ತೆ ಮೊರ ಬದಿಗಿಟ್ಟು ಎದ್ದು ಅಂಗಳಕ್ಕೆ ಬಂದಿದ್ದರು. ಅವರ ಕಣ್ಣಲ್ಲಿ ನೀರು. ನಮ್ಮತ್ತೆಯದು ಎಲ್ಲವೂ ಒಂದು ಕೈ ಮೇಲೆ, ಅಕ್ಕರೆ ಬಂದರೂ ಅಷ್ಟೆ. "ನೀವೇನೂ ಯೋಚನೆ ಮಾಡ್ಬೇಡಿ" ಅಂದರು ಅಣ್ಣನಿಗೆ. "ನಾಳೆ ಮಿಸ್‌ಗೆ ಹೆಚ್ಚುಕಡಿಮೆ ಆದ್ರೆ ನಾವೆಲ್ಲ ಇಲ್ವಾ? ಶಾರದಮ್ಮನವರು ಎಲ್ಲಿಗೂ ಹೋಗಲ್ಲ. ಅವರು ಇಲ್ಲೇ ಇರ್ತಾರೆ."

ಮಿಸ್ ಮೆಟ್ಟಿಲಿಳಿದು ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡರು.

"ಅವರು ಅಂತೆಲ್ಲ ಅನ್ಬೇಡಿ ಅಮ್ಮ" ಅಂದರು. "ಅವಳು ಅಂದ್ರೆ ಸಾಕು."